ಹತ್ತಿರದ ಕೆಲಸಕ್ಕೆ ಕನ್ನಡಕ: ಮೊದಲು ಟೇಪು ಹಿಡಿಯಿರಿ

ಕೊಡಗಿನ ಗೋಣಿಕೊಪ್ಪಲಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ದಿನವೂ ಬರುವುದು ಬ್ಲೌಸು, ಚೂಡಿದಾರ್. ಮದುವೆ ಸೀಸನ್ ಶುರುವಾದರೆ ಕುಪ್ಯದ ಕೆಲಸವೂ ಸೇರಿಕೊಳ್ಳುತ್ತದೆ. ಕುಪ್ಯ ಅಂದರೆ ಕೊಡವ ಗಂಡಸರು ಬಿಳಿ ಅಂಗಿಯ ಮೇಲೆ ತೊಡುವ, ಮೊಣಕಾಲಿನ ತನಕ ಬರುವ ಕಪ್ಪು ಕೋಟು. ಕಪ್ಪು ಬಟ್ಟೆ, ಕಪ್ಪು ದಾರ. ಮಧ್ಯಾಹ್ನ ಮೂರಕ್ಕೇ ಮೋಡ ಕವಿದು, ಕರೆಂಟೂ ಹೋದರೆ ಮುಗಿಯಿತು. ನಲವತ್ತು ದಾಟಿದ ಕಣ್ಣಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕಾ?

ನಲವತ್ತೇಳನೇ ವಯಸ್ಸಿನಲ್ಲಿ ನಾನು ಜೀವನದ ಮೊದಲ ದುಬಾರಿ ಕನ್ನಡಕ ಮಾಡಿಸಿದೆ. ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ. ವಯಸ್ಸೆಷ್ಟು, ಬಜೆಟ್ ಎಷ್ಟು. ನಾನು ದಿನವಿಡೀ ಏನು ಮಾಡುತ್ತೇನೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರೊಗ್ರೆಸಿವ್ ಗಾಜು, ಅಂದರೆ ಮೇಲಿನಿಂದ ಕೆಳಗೆ ಪವರ್ ನಿಧಾನ ಏರುವ ಗಾಜು, ಹಾಕಿ ಕೊಟ್ಟರು. ಬೋರ್ಡು ಕಾಣಿಸಿತು, ಪೇಪರ್ ಕಾಣಿಸಿತು, ಖುಷಿಯಾಗಿ ಬಂದೆ. ಮಾರನೇ ದಿನ ಮಷಿನ್ ಮುಂದೆ ಕೂತರೆ ಸೂಜಿ ಕಾಣಬೇಕಾದರೆ ಗದ್ದ ಮೇಲೆತ್ತಬೇಕು. ಗದ್ದ ಎತ್ತಿದರೆ ಬಟ್ಟೆಯ ಅಂಚು ಬಾಗಿದ ಹಾಗೆ ಕಾಣುತ್ತದೆ. ಎರಡು ವಾರ ಕತ್ತು ಹಿಡಿದುಕೊಂಡೇ ಹೊಲಿದೆ. ಒಂದು ಕುಪ್ಯದ ಪಕ್ಕದ ಹೊಲಿಗೆ ಓರೆಯಾಗಿ ಹೋಗಿ, ಮದುವೆಗೆ ನಾಲ್ಕು ದಿನ ಇರುವಾಗ ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಆ ಕನ್ನಡಕ ಕೆಟ್ಟದ್ದೇನೂ ಅಲ್ಲ. ನನ್ನ ಕೆಲಸಕ್ಕೆ ಆಗಿ ಬರಲಿಲ್ಲ, ಅಷ್ಟೆ. ಹತ್ತಿರದ ಕನ್ನಡಕದ ನಂಬರನ್ನು ವಯಸ್ಸು ಒಂದೇ ತೀರ್ಮಾನಿಸುವುದಿಲ್ಲ. ಕಣ್ಣಿಗೂ ಕೆಲಸಕ್ಕೂ ನಡುವೆ ಎಷ್ಟು ದೂರ ಅನ್ನುವುದೂ ತೀರ್ಮಾನಿಸುತ್ತದೆ. ಆ ದೂರ ನಿಮಗೆ ಗೊತ್ತಿಲ್ಲದಿದ್ದರೆ ಅಂಗಡಿಯವರಿಗೂ ಗೊತ್ತಾಗುವುದಿಲ್ಲ. ಕೊಡಗಿನಲ್ಲಿ ಕೂತು ಕನ್ನಡಕ ತಪ್ಪಾಗಿ ಮಾಡಿಸಿಕೊಂಡರೆ ಸುಮ್ನೆ ಅಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ. ಮೈಸೂರಿನಲ್ಲಿ ಮಾಡಿಸಿದ್ದಾದರೆ ಬದಲಾಯಿಸಲು ಹೋಗಿ ಬರುವುದಕ್ಕೇ ಒಂದು ದಿನ ಹೋಯಿತು.

ಚಾಳೀಸು ಅಂದರೆ

ನಮ್ಮ ಅಜ್ಜಂದಿರು ಚಾಳೀಸು ಬಂತು ಅನ್ನುತ್ತಿದ್ದರು. ಹಿಂದಿಯಲ್ಲಿ ಚಾಲೀಸ್ ಅಂದರೆ ನಲವತ್ತು. ಹೆಸರಿನಲ್ಲೇ ವಯಸ್ಸಿದೆ. ಕಣ್ಣಿನೊಳಗೆ ಒಂದು ಮೆತ್ತನೆಯ ಮಸೂರ ಇರುತ್ತದೆ. ಹತ್ತಿರ ನೋಡುವಾಗ ಅದು ಉಬ್ಬಬೇಕು. ವರ್ಷ ಕಳೆದ ಹಾಗೆ ಗಟ್ಟಿಯಾಗುತ್ತಾ, ಉಬ್ಬುವ ಶಕ್ತಿ ಕಡಿಮೆಯಾಗುತ್ತದೆ. ಅರವತ್ತರ ಹೊತ್ತಿಗೆ ಆ ಶಕ್ತಿ ಹೆಚ್ಚು ಕಡಿಮೆ ಮುಗಿದೇ ಹೋಗಿರುತ್ತದೆ. ಇದು ರೋಗವಲ್ಲ. ಕ್ಯಾರೆಟ್ ತಿಂದರೆ, ಕಣ್ಣಿನ ವ್ಯಾಯಾಮ ಮಾಡಿದರೆ ಆ ಮಸೂರ ಮತ್ತೆ ಮೆತ್ತಗಾಗುವುದಿಲ್ಲ. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ನಂಬರ್ ಏರುತ್ತದೆ ಅನ್ನುವುದೂ ಸುಳ್ಳು. ಹಾಕಿದರೂ ಏರುತ್ತದೆ, ಹಾಕದಿದ್ದರೂ ಏರುತ್ತದೆ.

ಹೆಜ್ಜೆ 1: ದೂರ ಅಳೆಯಿರಿ

ಟೈಲರ್ ಟೇಪು ಇದ್ದರೆ ಸಾಕು. ನೀವು ಯಾವಾಗಲೂ ಕೂರುವ ಹಾಗೇ ಕೂತುಕೊಳ್ಳಿ. ಕೆಲಸವನ್ನು ಕೈಗೆತ್ತಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರನ್ನು ಕರೆದು ಕಣ್ಣಿನ ಹೊರ ಮೂಲೆಯಿಂದ ಕೆಲಸದ ತನಕ ಅಳೆಯಲು ಹೇಳಿ. ನೀವೇ ಅಳೆಯಲು ಹೋದರೆ ಬೆನ್ನು ಬಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ಈಗ ಮಸುಕಾಗಿ ಕಾಣುತ್ತಿದ್ದರೂ ಪರವಾಗಿಲ್ಲ. ಕೈ, ಕತ್ತು, ಬೆನ್ನಿಗೆ ಆರಾಮಾಗಿರುವ ದೂರವೇ ಬೇಕಾದದ್ದು.

ನನ್ನ ಅಳತೆ ಹೀಗಿತ್ತು. ಕೈಯಲ್ಲಿ ಹುಕ್ಕು ಹಾಕುವಾಗ, ಹೆಮ್ಮಿಂಗ್ ಮಾಡುವಾಗ 35 ಸೆಂ.ಮೀ. ಮಷಿನ್ನಿನ ಸೂಜಿ 45. ನಿಂತು ಬಟ್ಟೆ ಕತ್ತರಿಸುವ ಮೇಜು 65. ನೋಡಿ, ಎಲ್ಲವೂ ಹತ್ತಿರದ ಕೆಲಸವೇ. ಆದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಹೆಚ್ಚು ಕಡಿಮೆ ಒಂದಡಿ ವ್ಯತ್ಯಾಸ.

ನಿಮ್ಮದು ಬೇರೆ ಇರುತ್ತದೆ. ಪೇಪರ್ ಓದುವವರದ್ದು ಸುಮಾರು 40. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವರದ್ದು 55ರಿಂದ 70. ಮಡಿಲಲ್ಲಿ ಮೊರ ಇಟ್ಟುಕೊಂಡು ಕಾಫಿ ಬೀಜ ಆರಿಸುವವರದ್ದು 50ರ ಆಸುಪಾಸು. ಕಾಫಿ ಕಾಯಿಯ ತುದಿಯಲ್ಲಿ ಬೆರಿ ಬೋರರ್ ಕೊರೆದ ತೂತು ಇದೆಯಾ ಅಂತ ನೋಡುವವರು 30ಕ್ಕೇ ಎಳೆದುಕೊಳ್ಳುತ್ತಾರೆ. ಆ ಹುಳುವೇ ಒಂದೂವರೆ ಮಿಲಿಮೀಟರಿನದು, ಇನ್ನು ಅದರ ತೂತು ಎಷ್ಟಿದ್ದೀತು! ಜೇನು ಸಾಕುವವರು ಎರಿಯ ಕಣದ ತಳದಲ್ಲಿ ಮೊಟ್ಟೆ ಇದೆಯಾ ಅಂತ ನೋಡುವುದೂ ಹೀಗೆಯೇ. ಅವರು ಮುಖದ ಪರದೆ ಹಾಕಿಕೊಂಡೇ ಅಳೆಯಬೇಕು. ಪರದೆ ಇದ್ದಾಗ ಯಾರೂ ಚೌಕಟ್ಟನ್ನು ಮೂಗಿನ ಹತ್ತಿರ ತರುವುದಿಲ್ಲ.

ಎರಡು ಮೂರು ದೂರ ಬಂದರೆ ಎಲ್ಲವನ್ನೂ ಬರೆದುಕೊಳ್ಳಿ. ಯಾವುದಕ್ಕೆ ದಿನದಲ್ಲಿ ಜಾಸ್ತಿ ಹೊತ್ತು ಹೋಗುತ್ತದೆ ಅನ್ನುವುದಕ್ಕೆ ಗುರುತು ಹಾಕಿ.

ಹೆಜ್ಜೆ 2: ನೂರನ್ನು ಭಾಗಿಸಿ

ಕಣ್ಣಿನ ಚೀಟಿಯಲ್ಲಿ ಆಡ್ ಅಂತ ಒಂದು ಅಂಕಿ ಇರುತ್ತದೆ. ದೂರದ ನಂಬರಿನ ಮೇಲೆ ಹತ್ತಿರಕ್ಕಾಗಿ ಕೂಡಿಸುವ ಪ್ಲಸ್ ಪವರ್ ಅದು. ನೂರನ್ನು ಆ ಅಂಕಿಯಿಂದ ಭಾಗಿಸಿ. ಬಂದದ್ದು ಸೆಂಟಿಮೀಟರ್. ಆ ಕನ್ನಡಕದಲ್ಲಿ ಅದಕ್ಕಿಂತ ಆಚೆ ಇರುವುದೆಲ್ಲ ಮಸುಕು.

ಆಡ್ +1.25 ಆದರೆ 80 ಸೆಂ.ಮೀ. +1.75 ಆದರೆ 57. +2.00 ಆದರೆ 50. +2.50 ಆದರೆ 40. +3.00 ಆದರೆ ಬರೀ 33. ನಂಬರ್ ಏರಿದ ಹಾಗೆ ಕಾಣುವ ಜಾಗ ಮುಖದ ಹತ್ತಿರ ಬರುತ್ತದೆ. ಜಾಸ್ತಿ ನಂಬರ್ ಅಂದರೆ ಜಾಸ್ತಿ ಒಳ್ಳೆಯದು ಅಂದುಕೊಳ್ಳುವವರು ಎಡವುವುದು ಇಲ್ಲೇ.

ಇದು ಆಚೆಯ ಗಡಿ. ಈಚೆಯ ಗಡಿ ನಿಮ್ಮ ಕಣ್ಣಿನಲ್ಲಿ ಉಳಿದ ಶಕ್ತಿಯ ಮೇಲೆ ನಿಂತಿದೆ. ನಲವತ್ತೈದರವರಿಗೆ ಇನ್ನೂ ಸ್ವಲ್ಪ ಶಕ್ತಿ ಇರುವುದರಿಂದ ಗಡಿಯಿಂದ ಈಚೆಗೆ ಅರ್ಧ ಅಡಿಗೂ ಜಾಸ್ತಿ ಜಾಗ ಸ್ಪಷ್ಟವಾಗಿ ಸಿಗುತ್ತದೆ. ನನಗೀಗ 51. ಆಡ್ +1.75. ಸುಮಾರು 35ರಿಂದ 57 ಸೆಂ.ಮೀ. ತನಕ ಆರಾಮಾಗಿ ಕಾಣುತ್ತದೆ. ಹೆಮ್ಮಿಂಗೂ ಆಯಿತು, ಮಷಿನ್ನೂ ಆಯಿತು. ಕತ್ತರಿಸುವ ಮೇಜು ಮಾತ್ರ ಹೊರಗೆ ಉಳಿಯಿತು.

ಅರವತ್ತು ದಾಟಿದವರಿಗೆ, ಪೊರೆ ಆಪರೇಷನ್ ಆಗಿ ಸಾಮಾನ್ಯ ಮಸೂರ ಹಾಕಿಸಿಕೊಂಡವರಿಗೆ ಈ ಜಾಗ ತುಂಬ ಕಿರಿದು. ಅವರ ಕಣ್ಣು ತಾನಾಗಿ ಹೊಂದಿಸಿಕೊಳ್ಳುವುದಿಲ್ಲ. ಅವರಿಗೆ ಈ ಭಾಗಾಕಾರ ತೀರ ಮುಖ್ಯ.

ನಮ್ಮ ಅತ್ತೆಯ ವಿಷಯ ಹೇಳುತ್ತೇನೆ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ದೂರಕ್ಕೆ ಕನ್ನಡಕವೇ ಬೇಡ. ಹತ್ತಿರಕ್ಕೆ ಸಂತೆಯಲ್ಲಿ ಒಂದು ರೆಡಿಮೇಡ್ ಕನ್ನಡಕ ಕೊಂಡಿದ್ದರು. +3.00. ಅಕ್ಷರ ದೊಡ್ಡದಾಗಿ ಕಂಡಿತಂತೆ, ಅದಕ್ಕೇ ಆರಿಸಿದರಂತೆ. ಮನೆ ಖರ್ಚಿನ ಕಾಫಿ ಬೀಜದಲ್ಲಿ ಕಪ್ಪು ಬೀಜ, ಒಡಕು ಬೀಜ ಆರಿಸುವುದು ಅವರ ಕೆಲಸ. ಮೊರ ಮಡಿಲಲ್ಲಿ, ಅಂದರೆ 50 ಸೆಂ.ಮೀ. ದೂರ. ಕನ್ನಡಕಕ್ಕೆ ಕಾಣುವುದು 33ಕ್ಕೆ. ನಡುವಿನ ಅರ್ಧ ಅಡಿಗೂ ಜಾಸ್ತಿ ದೂರವನ್ನು ಪಾಪ ಬೆನ್ನೇ ಬಗ್ಗಿ ತುಂಬುತ್ತಿತ್ತು. ಸಂಜೆಯಾದರೆ ಬೆನ್ನಿಗೆ ಎಣ್ಣೆ ಹಚ್ಚು ಅನ್ನುತ್ತಿದ್ದರು. ನಾವು ವಯಸ್ಸಾಯಿತು ಅಂದುಕೊಂಡು ಹಚ್ಚಿದ್ದೇ ಹಚ್ಚಿದ್ದು. ಆಮೇಲೆ ಪರೀಕ್ಷೆ ಮಾಡಿಸಿ, ದೂರ ಹೇಳಿ, +2.00 ಹಾಕಿಸಿದೆವು. ಮೊದಲ ದಿನ ಅಕ್ಷರ ಸಣ್ಣಗಾಯಿತು ಅಂತ ಗೊಣಗಿದರು. ಮೊರದ ಮುಂದೆ ಕೂತ ಮೇಲೆ ನೇರವಾಗಿ ಕೂತೇ ಇದ್ದರು. ಓದಲಿಕ್ಕೆ ಬೇರೆ ಒಂದು +2.50 ಇದೆ, ದೇವರ ಮನೆಯಲ್ಲೇ ಇರುತ್ತದೆ.

ಬೀಜ ಆರಿಸುವ ಮಾತು ಬಂದಿದ್ದಕ್ಕೆ ತೋಟದ ಮಾಲೀಕರಿಗೊಂದು ಮಾತು. ಅಸ್ಸಾಮಿನ ಟೀ ತೋಟಗಳಲ್ಲಿ ಒಂದು ಪ್ರಯೋಗ ನಡೆಯಿತು. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನಲವತ್ತು ದಾಟಿದ, ಹತ್ತಿರದ್ದು ಸರಿಯಾಗಿ ಕಾಣದ 751 ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಪ್ರಯೋಗ ಮುಗಿದ ಮೇಲೆ. ಕನ್ನಡಕ ಹಾಕಿದವರು ದಿನಕ್ಕೆ ಕೀಳುವ ಎಲೆಯ ತೂಕ ಉಳಿದವರಿಗಿಂತ ಶೇ. 21.7ರಷ್ಟು ಜಾಸ್ತಿ ಏರಿತು. ಮಳೆಗಾಲಕ್ಕೆ ಕೊಡೆ, ಕಂಬಳಿ ಕೊಡುತ್ತೀರಲ್ವಾ? ಅದರ ಜೊತೆ ಇದನ್ನೂ ಸೇರಿಸಿ.

ಹೆಜ್ಜೆ 3: ಪರೀಕ್ಷೆಗೆ ಕೆಲಸವನ್ನೇ ಒಯ್ಯಿರಿ

ಕಳೆದ ಸಲ ನಾನು ಕಣ್ಣಿನ ಪರೀಕ್ಷೆಗೆ ಹೋದಾಗ ಚೀಲದಲ್ಲಿ ಒಂದು ಗೇಣು ಕಪ್ಪು ಬಟ್ಟೆ, 9 ನಂಬರಿನ ಸೂಜಿ, ಕಪ್ಪು ದಾರ, ಹಳೆಯ ಕನ್ನಡಕ, ದೂರ ಬರೆದ ಚೀಟಿ ಇತ್ತು. ಪರೀಕ್ಷೆ ಮಾಡುವವರು ಮೊದಲು ನಕ್ಕರು. ಆಮೇಲೆ ಗಾಜು ಬದಲಾಯಿಸಿ ನೋಡುವ ಟ್ರಯಲ್ ಫ್ರೇಮ್ ಹಾಕಿ, ಹೊಲಿಯಿರಿ ನೋಡೋಣ ಅಂದರು. +2.00ರಲ್ಲಿ ದಾರ ಚೆನ್ನಾಗಿ ಪೋಣಿಸಿದೆ. ಆದರೆ ಮಷಿನ್ನಿನಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಬಟ್ಟೆಯನ್ನು 45ಕ್ಕೆ ಹಿಡಿದರೆ ನೇಯ್ಗೆಯ ಎಳೆಗಳು ಕೂಡಿಕೊಂಡು ಕರೀ ಹಲಗೆಯ ಹಾಗಾದವು. ಗಡಿಯ ತೀರ ಹತ್ತಿರ ಇದ್ದೆ. ಒಂದು ಮೆಟ್ಟಿಲು ಇಳಿಸಿ +1.75 ಹಾಕಿದ ಕೂಡಲೇ ಎಳೆ ಎಳೆ ಬಿಟ್ಟುಕೊಂಡಿತು. ಆ ಕಾಲು ಪವರಿನ ವ್ಯತ್ಯಾಸ ಗೋಡೆಯ ಚಾರ್ಟಿನಲ್ಲಿ ಗೊತ್ತಾಗುವುದೇ ಇಲ್ಲ.

ನೀವೂ ಹೀಗೇ ಮಾಡಿ. ಟ್ರಯಲ್ ಫ್ರೇಮ್ ಹಾಕಿಕೊಂಡು ಐದು ಹತ್ತು ನಿಮಿಷ ಕೂತುಕೊಳ್ಳಿ. ಕೆಲಸವನ್ನು ನಿಮ್ಮ ದೂರಕ್ಕೆ ಹಿಡಿಯಿರಿ. ಅಲ್ಲಿಂದ ನಾಲ್ಕು ಬೆರಳು ದೂರ ಒಯ್ಯಿರಿ, ನಾಲ್ಕು ಬೆರಳು ಹತ್ತಿರ ತನ್ನಿ. ದೂರ ಒಯ್ದ ಕೂಡಲೇ ಮಸುಕಾದರೆ ಪವರ್ ಜಾಸ್ತಿಯಾಗಿದೆ. ಹತ್ತಿರ ತಂದ ಕೂಡಲೇ ಮಸುಕಾದರೆ ಕಡಿಮೆಯಾಗಿದೆ. ಎರಡೂ ಕಡೆ ಒಂದಿಷ್ಟು ಜಾಗ ಉಳಿಯಬೇಕು.

ಓದಿಸುವ ಕಾರ್ಡನ್ನು ಕನ್ನಡದಲ್ಲೇ ಕೇಳಿ. ಇಂಗ್ಲಿಷ್ ಕಾರ್ಡಿನ ಎನ್ 6 ಅನ್ನುವ ಸಣ್ಣಕ್ಷರದ ಸಾಲು ಓದಿಬಿಟ್ಟೆ ಅಂತ ಬೀಗಬೇಡಿ. ನಮ್ಮ ಅಕ್ಷರದ ಕತೆಯೇ ಬೇರೆ. ಒತ್ತಕ್ಷರ ಕೆಳಗೆ ಪುಟ್ಟದಾಗಿ ಕೂತಿರುತ್ತದೆ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪರಿಚಿತ ಪದವಾದರೆ ಮನಸ್ಸೇ ತುಂಬಿಕೊಂಡು ಓದಿಬಿಡುತ್ತದೆ. ನಮ್ಮ ನೆರೆಯವರೊಬ್ಬರು ಧನಸಹಾಯದ ಅರ್ಜಿಯನ್ನು ದನ ಸಹಾಯ ಅಂತ ಓದಿ, ಹಸು ಕೊಡುತ್ತಾರಂತೆ ಅಂತ ಊರೆಲ್ಲ ಹೇಳಿದ್ದರು. ಆಸ್ತಿ ಪತ್ರದ ಸಣ್ಣಕ್ಷರ, ಮಾತ್ರೆಯ ಪಟ್ಟಿ, ರಸಗೊಬ್ಬರದ ಚೀಲದ ಹಿಂದಿನ ಬರಹ, ಯಾವುದು ನಿಮ್ಮನ್ನು ಕಾಡುತ್ತದೋ ಅದನ್ನೇ ಒಯ್ಯಿರಿ.

ಎಲ್ಲಿ ಪರೀಕ್ಷೆ ಮಾಡಿಸುವುದು? ಮೊದಲ ಸಲವಾದರೆ ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ ಅನ್ನುತ್ತೇನೆ. ಅಲ್ಲಿ ನಂಬರಿನ ಜೊತೆ ಕಣ್ಣಿನ ಒತ್ತಡ, ಕಣ್ಣಿನ ಹಿಂಭಾಗದ ಪರದೆ ಎಲ್ಲ ನೋಡುತ್ತಾರೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿಗೆ ಸೇರಿದ್ದು, ಕಣ್ಣಿನ ವಿಭಾಗ ಇದೆ. ಒಂದು ಎಚ್ಚರ. ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನ ಹತ್ತಿರದ ನಂಬರ್ ತೀರ್ಮಾನ ಮಾಡಬೇಡಿ, ಇನ್ನೊಂದು ದಿನ ಹೋಗಿ. ಸಕ್ಕರೆ ಕಾಯಿಲೆ ಇದ್ದು, ಶುಗರ್ ಏರಿಳಿಯುತ್ತಿದ್ದರೆ ಅದು ಹತೋಟಿಗೆ ಬರುವ ತನಕ ಕಾಯಿರಿ. ಶುಗರ್ ಜೊತೆ ನಂಬರೂ ಏರಿಳಿಯುತ್ತದೆ. ಪೊರೆ ಆಪರೇಷನ್ ಆದವರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಟ್ಟು ಕನ್ನಡಕ ಮಾಡಿಸುತ್ತಾರೆ.

ಹೆಜ್ಜೆ 4: ಚೀಟಿ ಓದಲು ಕಲಿಯಿರಿ

ಚೀಟಿಯಲ್ಲಿ ಬಲಗಣ್ಣು, ಎಡಗಣ್ಣಿಗೆ ಬೇರೆ ಬೇರೆ ಸಾಲು. ಸ್ಫಿಯರ್ ಅಂದರೆ ಮುಖ್ಯ ನಂಬರ್, ಪ್ಲಸ್ ಅಥವಾ ಮೈನಸ್. ಸಿಲಿಂಡರ್ ಅಂದರೆ ಕಣ್ಣಿನ ಉಬ್ಬು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇದ್ದರೆ ಬೇಕಾಗುವ ಪವರ್. ಆಕ್ಸಿಸ್ ಅಂದರೆ ಆ ಸಿಲಿಂಡರನ್ನು ಯಾವ ಕೋನದಲ್ಲಿ ಕೂರಿಸಬೇಕು ಅನ್ನುವುದು, 1ರಿಂದ 180ರ ತನಕ. ಕೊನೆಗೆ ಆಡ್.

ಬರೀ ಹತ್ತಿರದ ಕನ್ನಡಕ ಬೇಕಾದರೆ ಸ್ಫಿಯರಿಗೆ ಆಡ್ ಕೂಡಿಸಿ. ಸಿಲಿಂಡರ್, ಆಕ್ಸಿಸ್ ಹಾಗೇ ಇರಲಿ. ನನ್ನ ಬಲಗಣ್ಣು ದೂರಕ್ಕೆ +0.50, ಸಿಲಿಂಡರ್ -0.75, ಆಕ್ಸಿಸ್ 90, ಆಡ್ +1.75. ಹತ್ತಿರದ ಕನ್ನಡಕಕ್ಕೆ +2.25, -0.75, 90. ಮೈನಸ್ ನಂಬರಿನವರ ಲೆಕ್ಕ ಮಜವಾಗಿರುತ್ತದೆ. ದೂರಕ್ಕೆ -2.50, ಆಡ್ +2.50 ಆದರೆ ಕೂಡಿದಾಗ ಸೊನ್ನೆ. ಸಿಲಿಂಡರ್ ಇಲ್ಲದಿದ್ದರೆ ಅಂಥವರು ಕನ್ನಡಕ ತೆಗೆದಿಟ್ಟು ಓದಿದರಾಯಿತು. ನೋಡಿ, ದುಡ್ಡು ಉಳಿಯಿತು.

ಚೀಟಿಯಲ್ಲಿ ಹೆಚ್ಚಾಗಿ ಬರೆಯದೆ ಬಿಡುವುದು ಪಿ.ಡಿ. ಎರಡು ಪಾಪೆಗಳ ನಡುವಿನ ದೂರ, ಮಿಲಿಮೀಟರಿನಲ್ಲಿ. ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74. ಹತ್ತಿರ ನೋಡುವಾಗ ಕಣ್ಣುಗಳು ಒಳಕ್ಕೆ ತಿರುಗುವುದರಿಂದ ಮೂರ್ನಾಲ್ಕು ಮಿಲಿಮೀಟರ್ ಕಡಿಮೆಯಾಗುತ್ತದೆ. ಗಾಜಿನ ನಡುಬಿಂದು ಪಾಪೆಯ ಎದುರು ಬರದಿದ್ದರೆ ನಂಬರ್ ಸರಿಯಿದ್ದರೂ ಕಣ್ಣು ಎಳೆದ ಹಾಗಾಗುತ್ತದೆ, ಸಂಜೆಗೆ ತಲೆನೋವು. ಹತ್ತಿರದ ಕನ್ನಡಕಕ್ಕೆ ಹತ್ತಿರದ ಪಿ.ಡಿ.ಯನ್ನೇ ಹಾಕಿ ಅಂತ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಇಲ್ಲಿಗೆ ರೆಡಿಮೇಡ್ ಕನ್ನಡಕದ ಪ್ರಶ್ನೆಗೂ ಉತ್ತರ ಸಿಕ್ಕಿತು. ಅದರಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್, ಸಿಲಿಂಡರ್ ಇಲ್ಲ, ಪಿ.ಡಿ. ಎಲ್ಲರಿಗೂ ಒಂದೇ. ನಿಮ್ಮ ಚೀಟಿಯೂ ಹಾಗೇ ಇದ್ದರೆ ನೂರಿನ್ನೂರು ರೂಪಾಯಿಯ ಕನ್ನಡಕ ಧಾರಾಳ ಸಾಕು. ಕಣ್ಣು ಹಾಳಾಗುವುದಿಲ್ಲ. ನಾನೂ ಒಂದನ್ನು ಅಡುಗೆಮನೆಯಲ್ಲಿ ಇಟ್ಟಿದ್ದೇನೆ, ಅಕ್ಕಿಯಲ್ಲಿ ಕಲ್ಲು ನೋಡಲಿಕ್ಕೆ. ದಿನಕ್ಕೆ ಆರು ಗಂಟೆ ಹೊಲಿಯುವ ಕೆಲಸಕ್ಕೆ ಮಾತ್ರ ಅದು ಬೇಡ.

ಹೆಜ್ಜೆ 5: ಗಾಜಿನ ಬಗೆ

ಒಂದೇ ಜಾಗದಲ್ಲಿ ಕೂತು ಗಂಟೆಗಟ್ಟಲೆ ಹತ್ತಿರದ ಕೆಲಸ ಮಾಡುವವರಿಗೆ ನನ್ನ ಓಟು ಸಿಂಗಲ್ ವಿಷನ್ ಗಾಜಿಗೆ. ಇಡೀ ಗಾಜಿನಲ್ಲಿ ಒಂದೇ ಪವರ್. ಎಲ್ಲಿಂದ ನೋಡಿದರೂ ಕಾಣುತ್ತದೆ, ಅಂಚು ಬಾಗುವುದಿಲ್ಲ, ಅಗ್ಗವೂ ಹೌದು. ತಲೆ ಎತ್ತಿದರೆ ಬಾಗಿಲಲ್ಲಿ ನಿಂತ ಗಿರಾಕಿಯ ಮುಖ ಮಸುಕು. ಅದೊಂದು ತೊಂದರೆ. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡರೆ ಅದೂ ಇಲ್ಲ.

ಬೈಫೋಕಲ್‌ನಲ್ಲಿ ಮೇಲೆ ದೂರ, ಕೆಳಗೆ ಹತ್ತಿರ, ನಡುವೆ ಗೆರೆ. ಬ್ಯಾಂಕು, ಶಾಲೆ, ಅಂಗಡಿಯ ಗಲ್ಲದವರಿಗೆ ಒಳ್ಳೆಯದು. ಕೆಳಗಿನ ಕಿಟಕಿ ಕೆಳ ರೆಪ್ಪೆಯ ಮಟ್ಟಕ್ಕೆ ಬರುವ ಹಾಗೆ ಅಳೆಯುವುದು ರೂಢಿ. ಪ್ರೊಗ್ರೆಸಿವ್‌ನಲ್ಲಿ ಗೆರೆ ಕಾಣುವುದಿಲ್ಲ, ಮೇಲಿನಿಂದ ಕೆಳಗೆ ಪವರ್ ನಿಧಾನ ಏರುತ್ತದೆ. ಆದರೆ ನಡುವಿನ ದಾರಿ ಕಿರಿದು, ಎರಡೂ ಪಕ್ಕ ಸ್ವಲ್ಪ ಕದಡಿದ ಹಾಗೆ. ಊರೂರು ತಿರುಗುವವರು, ಮೀಟಿಂಗು ಮಾಡುವವರು ಇದನ್ನು ಹೊಗಳುತ್ತಾರೆ, ಸರಿಯೇ. ನನ್ನಂಥವರಿಗೆ ನೇರ ಹೊಲಿಗೆ ಮುಖ್ಯ. ಕಂಪ್ಯೂಟರ್ ಮತ್ತು ಕಾಗದ ಎರಡನ್ನೂ ನೋಡುವವರಿಗೆ ಆಫೀಸ್ ಲೆನ್ಸ್ ಅಂತ ಇನ್ನೊಂದು ಬಗೆ ಇದೆ. ದೂರವನ್ನು ಬಿಟ್ಟುಕೊಟ್ಟು, ಕೋಣೆಯೊಳಗಿನ ದೂರಗಳಿಗೆ ಅಗಲವಾದ ಜಾಗ ಕೊಡುತ್ತದೆ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಕೇಳಿ ನೋಡಿ.

ತೋಟಕ್ಕೆ ಹೋಗುವವರಿಗೆ ಮುಖ್ಯ ಮಾತು. ಬೈಫೋಕಲ್, ಪ್ರೊಗ್ರೆಸಿವ್ ಎರಡರಲ್ಲೂ ಕಾಲ ಕೆಳಗಿನ ನೆಲವನ್ನು ಓದುವ ಪವರಿನಿಂದ ನೋಡುತ್ತೀರಿ. ನೆಲ ಮಸುಕು. ನಮ್ಮಲ್ಲಿ ನೆಲ ಸಮ ಎಲ್ಲಿದೆ? ಇಳಿಜಾರು, ಪಾಚಿ ಕಟ್ಟಿದ ಮೆಟ್ಟಿಲು, ಕಾಳುಮೆಣಸು ಕೊಯ್ಯುವ ಏಣಿ. ಅಲ್ಲಿಗೆ ದೂರದ ಕನ್ನಡಕ ಮಾತ್ರ ಹಾಕಿ, ಹತ್ತಿರದ್ದು ಜೇಬಿನಲ್ಲಿರಲಿ. ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆಯವರಿಗೆ ಇದನ್ನು ಹೇಳುವುದೇ ಬೇಡ. ಆನೆ ಇರುವ ತೋಟದಲ್ಲಿ ಯಾರೂ ಓದುವ ಕನ್ನಡಕ ಹಾಕಿಕೊಂಡು ತಿರುಗುವುದಿಲ್ಲ.

ಹೆಜ್ಜೆ 6: ಫ್ರೇಮು, ಕೋಟಿಂಗು

ಫ್ರೇಮಿನ ಕಡ್ಡಿಯ ಒಳಗೆ 50, 18, 140 ಅಂತ ಅಂಕಿ ಇರುತ್ತದೆ. ಗಾಜಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ. ನಿಮಗೆ ಹೊಂದಿದ ಹಳೆಯ ಫ್ರೇಮಿನ ಅಂಕಿ ಬರೆದುಕೊಂಡು ಹೋದರೆ ಹುಡುಕಾಟ ಅರ್ಧ ಮುಗಿಯಿತು. ತಲೆ ಬಗ್ಗಿಸಿ ಕೆಲಸ ಮಾಡುವವರು ಅಂಗಡಿಯಲ್ಲಿ ಕನ್ನಡಿ ನೋಡುವುದನ್ನು ಬಿಟ್ಟು, ತಲೆ ಬಗ್ಗಿಸಿ ಎರಡು ಸಲ ಅಲ್ಲಾಡಿಸಿ. ಜಾರಿದರೆ ಬೇಡ. ಮಳೆಗಾಲದ ತೇವಕ್ಕೆ ಅಗ್ಗದ ಲೋಹದ ಫ್ರೇಮು ಹಸಿರು ಹಿಡಿಯುತ್ತದೆ, ಮೂಗಿನ ಮೆತ್ತೆಯ ಸುತ್ತ ಮೊದಲು. ನಮ್ಮ ಹವೆಗೆ ಪ್ಲಾಸ್ಟಿಕ್ ಅಥವಾ ಒಳ್ಳೆಯ ಸ್ಟೀಲು ವಾಸಿ.

ಗಾಜಿಗೆ ಸಾಮಾನ್ಯ ಸಿ.ಆರ್. 39 ಪ್ಲಾಸ್ಟಿಕ್ ಸಾಕು. ಕಳೆ ಕೊಚ್ಚುವ ಮಷಿನ್ ಹಿಡಿಯುವವರು, ಗ್ರೈಂಡರ್ ಬಳಸುವವರು ಪಾಲಿಕಾರ್ಬನೇಟ್ ತೆಗೆದುಕೊಳ್ಳಿ, ಸುಲಭಕ್ಕೆ ಚೂರಾಗುವುದಿಲ್ಲ. ಅದರ ಮೇಲೂ ಕಣ್ಣು ಪೂರ್ತಿ ಮುಚ್ಚುವ ಗಾಗಲ್ ಬೇಕೇ ಬೇಕು.

ಪ್ರತಿಫಲನ ತಡೆಯುವ ಕೋಟಿಂಗಿಗೆ ದುಡ್ಡು ಕೊಡಿ. ಬೆನ್ನ ಹಿಂದಿನ ಟ್ಯೂಬ್‌ಲೈಟಿನ ಬಿಂಬ ಗಾಜಿನ ಒಳಗೆ ಕುಣಿಯುವುದು ನಿಲ್ಲುತ್ತದೆ. ನೀಲಿ ಬೆಳಕು ತಡೆಯುತ್ತದೆ ಅನ್ನುವ ಬ್ಲೂ ಕಟ್‌ಗೆ ಕೊಡಬೇಡಿ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿತು. ಸಾಮಾನ್ಯ ಗಾಜಿಗಿಂತ ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಹಾಗೆ ಕಾಣಲಿಲ್ಲ. ಬಿಸಿಲಿಗೆ ಕಪ್ಪಾಗುವ ಗಾಜಿಗೆ ಒಳಗೆ ಕೂತು ಮಾಡುವ ಕೆಲಸದಲ್ಲಿ ಕೆಲಸವಿಲ್ಲ.

ಹೆಜ್ಜೆ 7: ತರುವ ದಿನ

ಅಂಗಡಿಯಲ್ಲೇ ದಾರ ಪೋಣಿಸಿ ನೋಡಿ. ಪವರ್ ಅಳೆಯುವ ಯಂತ್ರದಲ್ಲಿ ಇಟ್ಟು ತೋರಿಸಲು ಹೇಳಿ. ಸಂಕೋಚ ಬೇಡ, ಒಂದು ನಿಮಿಷದ ಕೆಲಸ. ಯಂತ್ರ ಇಲ್ಲದಿದ್ದರೂ ಒಂದು ಉಪಾಯ ಇದೆ. ಕನ್ನಡಕವನ್ನು ಕಣ್ಣಿನಿಂದ ಒಂದು ಗೇಣು ದೂರ ಹಿಡಿದು, ಗಾಜಿನ ಮೂಲಕ ಬಾಗಿಲಿನ ಚೌಕಟ್ಟನ್ನು ನೋಡಿ. ಪಕ್ಕಕ್ಕೆ ಸರಿಸಿ. ಚೌಕಟ್ಟು ಎದುರು ದಿಕ್ಕಿಗೆ ಓಡಿದರೆ ಪ್ಲಸ್, ಅದೇ ದಿಕ್ಕಿಗೆ ಬಂದರೆ ಮೈನಸ್. ಈಗ ಗಾಜನ್ನು ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿ. ಚೌಕಟ್ಟಿನ ಗೆರೆ ಕತ್ತರಿಯ ಹಾಗೆ ಓರೆಯಾದರೆ ಸಿಲಿಂಡರ್ ಇದೆ ಅಂತ ಅರ್ಥ. ಚೀಟಿಯಲ್ಲಿ ಸಿಲಿಂಡರ್ ಇದ್ದು, ಗೆರೆ ಅಲ್ಲಾಡದಿದ್ದರೆ ಹಾಕಲು ಮರೆತಿರಬಹುದು, ಕೇಳಿ.

ಸಿಂಗಲ್ ವಿಷನ್ ಎರಡು ಮೂರು ದಿನದಲ್ಲಿ ರೂಢಿಯಾಗುತ್ತದೆ. ಪ್ರೊಗ್ರೆಸಿವ್‌ಗೆ ಎರಡು ವಾರ ಕೊಡಿ. ಅದಾದ ಮೇಲೂ ತಲೆನೋವು, ಕತ್ತು ನೋವು ಇದ್ದರೆ ನಿಮ್ಮ ಕಣ್ಣಿನ ತಪ್ಪಲ್ಲ, ವಾಪಸ್ ಹೋಗಿ.

ಬೆಳಕು

ಎಷ್ಟು ಒಳ್ಳೆಯ ಕನ್ನಡಕವೂ ಕತ್ತಲಲ್ಲಿ ಸೋಲುತ್ತದೆ. ವಯಸ್ಸಾದ ಹಾಗೆ ಪಾಪೆ ಚಿಕ್ಕದಾಗುತ್ತದೆ, ಒಳಗೆ ಹೋಗುವ ಬೆಳಕೇ ಕಡಿಮೆ. ಚಾವಣಿಯ ಬಲ್ಬನ್ನು ದೊಡ್ಡದು ಮಾಡುವ ಬದಲು ದೀಪವನ್ನೇ ಹತ್ತಿರ ತನ್ನಿ. ದೀಪ ಅರ್ಧ ದೂರಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟು. ಬಲಗೈಯವರಿಗೆ ದೀಪ ಎಡಕ್ಕಿರಲಿ, ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ.

ಕಪ್ಪು ಬಟ್ಟೆಗೆ ಮಾತ್ರ ಬೇರೆ ಉಪಾಯ. ಮೇಲಿನಿಂದ ಎಷ್ಟು ಬೆಳಕು ಸುರಿದರೂ ಕಪ್ಪು ಅದನ್ನು ನುಂಗುತ್ತದೆ. ಕತ್ತು ಬಗ್ಗಿಸುವ ದೀಪವನ್ನು ಬಟ್ಟೆಯ ಮಟ್ಟಕ್ಕೇ ಇಳಿಸಿ, ಪಕ್ಕದಿಂದ ಹಾಯಿಸಿ. ಪ್ರತಿ ಹೊಲಿಗೆಗೂ ಒಂದು ಸಣ್ಣ ನೆರಳು ಬೀಳುತ್ತದೆ. ದಾರ ಕಾಣದಿದ್ದರೂ ದಾರದ ನೆರಳು ಕಾಣುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನನ್ನ ಮಷಿನ್ ಪಕ್ಕದಲ್ಲಿ ಚಾರ್ಜಾಗುವ ಎಲ್‌ಇಡಿ ದೀಪ ಇದ್ದೇ ಇರುತ್ತದೆ. ಸೂಜಿಗೆ ದಾರ ಪೋಣಿಸುವಾಗ ಹಿಂದೆ ಒಂದು ಬಿಳಿ ಕಾಗದ ಇಡುತ್ತೇನೆ. ಇದಕ್ಕೆ ಯಾವ ನಂಬರೂ ಬೇಡ.

ಮಳೆಗಾಲ, ಒಲೆ, ಸೆರಗು

ಸೆರಗಿನಿಂದ, ಲುಂಗಿಯಿಂದ ಒಣ ಗಾಜು ಉಜ್ಜಬೇಡಿ. ಅದರಲ್ಲಿರುವ ಧೂಳೇ ಉಪ್ಪುಕಾಗದ. ನಲ್ಲಿ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಆಮೇಲೆ ಮೆತ್ತನೆ ಹತ್ತಿ ಬಟ್ಟೆ. ಬಿಸಿನೀರು ಬೇಡ. ಸೌದೆ ಒಲೆಯ ಪಕ್ಕದ ಗೂಡು, ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡು, ಎರಡೂ ಕಡೆ ಇಡಬೇಡಿ. ಶಾಖಕ್ಕೆ ಕೋಟಿಂಗು ಜೇಡರ ಬಲೆಯ ಹಾಗೆ ಬಿರಿಯುತ್ತದೆ. ಕಡಂಬುಟ್ಟಿನ ಪಾತ್ರೆಯ ಮುಚ್ಚಳ ತೆಗೆಯುವಾಗ ಗಾಜು ಹಬೆಗಟ್ಟುವುದು ನಮಗೆಲ್ಲ ಗೊತ್ತಲ್ವಾ. ಒರೆಸುವ ಆತುರ ಬೇಡ, ಅರ್ಧ ನಿಮಿಷ ನಿಂತರೆ ತಾನೇ ಹೋಗುತ್ತದೆ. ಒದ್ದೆ ಕನ್ನಡಕವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಆಷಾಢ ಮುಗಿಯುವುದರೊಳಗೆ ಡಬ್ಬಿಗೆ ಬೂಷ್ಟು ಬರುತ್ತದೆ.

ಕನ್ನಡಕದ ಅಂಗಡಿಗೆ ಹೋಗಬಾರದ ಹೊತ್ತು

ಕೆಲವು ಸಲ ನೇರ ಡಾಕ್ಟರ ಹತ್ತಿರವೇ ಹೋಗಬೇಕು. ಒಂದೇ ಕಣ್ಣು ಇದ್ದಕ್ಕಿದ್ದಂತೆ ಮಸುಕಾದರೆ. ಕಣ್ಣು ಕೆಂಪಾಗಿ, ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ. ನೇರ ಗೆರೆ, ಬಾಗಿಲ ಅಂಚು ಡೊಂಕಾಗಿ ಕಂಡರೆ. ಮಿಂಚು ಹೊಡೆದ ಹಾಗಾಗಿ ಕಪ್ಪು ಚುಕ್ಕಿಗಳು ತುಂಬಿಕೊಂಡರೆ. ಇನ್ನೊಂದು ಮೋಸದ ಲಕ್ಷಣ ಇದೆ. ಅರವತ್ತೈದರ ಅಜ್ಜ, ನನಗೀಗ ಕನ್ನಡಕ ಇಲ್ಲದೆ ಪೇಪರ್ ಓದಲು ಬರುತ್ತದೆ ಅಂತ ಖುಷಿಪಟ್ಟರೆ, ಅದು ಪೊರೆ ಗಟ್ಟಿಯಾಗುತ್ತಿರುವ ಗುರುತಿರಬಹುದು.

ಹಳೆಯದನ್ನು ಎಸೆಯಬೇಡಿ

ನಲವತ್ತರಿಂದ ಅರವತ್ತರ ತನಕ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಶುಗರ್ ಇದ್ದವರು ಪ್ರತಿ ವರ್ಷ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರೆ ಚೆನ್ನಾಗಿ ಕಾಣುತ್ತದೆ ಅನ್ನಿಸಿದರೆ ಎರಡು ವರ್ಷ ಕಾಯಬೇಡಿ, ನಂಬರ್ ಏರಿದೆ.

ಹೊಸದು ಬಂದ ಮೇಲೆ ಹಳೆಯದು ಏನಾಗುತ್ತದೆ? ಹತ್ತಿರಕ್ಕೆ ಸಾಲದೆ ಹೋದದ್ದು ಸ್ವಲ್ಪ ದೂರಕ್ಕೆ ಸರಿಹೋಗುತ್ತದೆ. ಭಾಗಾಕಾರ ನೆನಪಿದೆಯಲ್ಲ. ಆ ದುಬಾರಿ ಪ್ರೊಗ್ರೆಸಿವ್ ಬಿಟ್ಟ ಮೇಲೆ ನಾನು ಮೊದಲು ಮಾಡಿಸಿದ ಸಿಂಗಲ್ ವಿಷನ್ ಕನ್ನಡಕದ ಆಡ್ +1.25. ಅದರ ಗಡಿ 80 ಸೆಂ.ಮೀ. ಕತ್ತರಿಸುವ ಮೇಜು 65. ಈಗ ಅದು ಮೇಜಿನ ಮೇಲಿನ ಮೊಳೆಗೆ, ದೊಡ್ಡ ಕತ್ತರಿಯ ಪಕ್ಕ, ನೇತಾಡುತ್ತಿದೆ.